ಕೊಕ್ಕರ್ಣೆಯ ಸಿಂಬಾ

ಐತ ಜಿಲ್ಲಾ ಮಟ್ಟದ ಕುಸ್ತಿಯಲ್ಲಿ ಪ್ರಥಮ ಸ್ಥಾನ ಪಡೆದವನು. ಸರ್ಟಿಫಿಕೇಟು ಇದೆ, ಸುಳ್ಳಲ್ಲ. ಆದರೆ ಆ ದಿನ ಅವನು ಯಾರೊಂದಿಗೂ ಕುಸ್ತಿ ಹಿಡಿದಿರಲಿಲ್ಲ. ಹಾಸ್ಟೆಲಿನ ಡ್ರಿಲ್ ಮಾಸ್ಟರು ಎರಡು ವರ್ಷ ಪಟ್ಟು ಕಲಿಸಿ ಕರೆದುಕೊಂಡು ಹೋಗಿದ್ದರು. ಮೂರು ಸುತ್ತಿನಲ್ಲೂ ನಡೆದದ್ದು ಒಂದೇ. ಮೈಕಿನಲ್ಲಿ ಇವನ ಹೆಸರು ಕೂಗಿದರು, ಕೊರಗರ ಹುಡುಗನಂತೆ, ಮುಟ್ಟಿಸಿಕೊಳ್ಳದ ಜಾತಿಯಂತೆ ಎಂಬ ಗುಸುಗುಸು ಎದ್ದಿತು, ಎದುರಾಳಿಗೆ ಹೊಟ್ಟೆನೋವು ಬಂತು. ಹೀಗೆ ಮೂರು ಹೊಟ್ಟೆನೋವಿನ ಬಲದಿಂದ ಐತ ಚಾಂಪಿಯನ್ ಆದ. ಮದುವೆಯಾಗಿ ಬಂದ ವನಜ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಹೇಗೆ ಗೆದ್ದಿರಿ ಎಂದು ಕೇಳಿದಾಗಲೆಲ್ಲ ಅವನು ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದ.

ಹತ್ತು ವರ್ಷ ಕಳೆದು, ಮೀನಿನ ಲಾರಿಗಳಿಗೆ ಐಸ್ ಪೆಟ್ಟಿಗೆ ಹೊರುತ್ತಿದ್ದ ಐತನ ಭುಜವನ್ನು ಭೋಜರಾಜ ನೋಡಿದ. ಮುಂಬಯಿಯಲ್ಲಿ ಮೂರು ಹೋಟೆಲು ನಡೆಸಿ ಊರಿಗೆ ಬಂದ ಮನುಷ್ಯ ಅವನು. ಬರುವ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಟಿಕೆಟ್ ಬೇಕು, ಅದಕ್ಕೆ ಮೊದಲು ಜನ ಬೇಕು. ಆಗ ಕೇಬಲ್ ಟಿವಿಯಲ್ಲಿ ಅಮೆರಿಕದ ಕುಸ್ತಿಯ ಹುಚ್ಚು. ಅಂಗಡಿ ಕಟ್ಟೆಯ ಮುದುಕರಿಗೂ ಆ ಕರಿಯ ದೈತ್ಯರ ಹೆಸರು ಬಾಯಿಪಾಠ. ಅಂಥದೇ ಒಂದನ್ನು ಇಲ್ಲಿ ಮಾಡಿದರೆ ಮೈದಾನ ತುಂಬುತ್ತದೆ ಎಂದು ಭೋಜರಾಜನಿಗೆ ಹೊಳೆದದ್ದು ತಪ್ಪಲ್ಲ. ಊರ ಹೀರೋ ರತನ್ ಸಿಕ್ಕಿದ್ದ, ದೊಡ್ಡ ಮನೆತನದ ಹುಡುಗ, ಜಿಮ್ಮಿನ ಮೈ. ಸೋಲುವುದಕ್ಕೆ ಒಬ್ಬ ಆಫ್ರಿಕಾದವನು ಬೇಕಿತ್ತು.

ಕೊರಗನನ್ನು ಮುಟ್ಟಿ ಕುಸ್ತಿ ಹಿಡಿ ಎಂದರೆ ರತನ್ ಬರುತ್ತಿರಲಿಲ್ಲ. ಆಫ್ರಿಕಾದವನಾದರೆ ತಕರಾರಿಲ್ಲ, ಎಲ್ಲಿಯದೋ ದೂರದ ಕಪ್ಪು, ಅದಕ್ಕೆ ಮೈಲಿಗೆ ಇಲ್ಲ. ಇವನು ಮಣಿಪಾಲದಲ್ಲಿ ಓದುವ ಕೀನ್ಯಾದವ, ಹೆಸರು ಸಿಂಬಾ, ಕನ್ನಡ ಬರುವುದಿಲ್ಲ ಎಂದು ಭೋಜರಾಜ ರತನನಿಗೂ ಹೇಳಿದ. ತಾಲೀಮೆಲ್ಲ ಕೈಸನ್ನೆಯಲ್ಲೇ ಮುಗಿಯಿತು. ಐತ ಬಾಯಿ ಮುಚ್ಚಿಕೊಂಡು ಮೂರು ಕಡೆ ಸೋಲಬೇಕು, ಕುಂದಾಪುರ, ಬೈಂದೂರು, ಬ್ರಹ್ಮಾವರ.

ಸಂಬಳಕ್ಕಾಗಿ ಐತ ಒಪ್ಪಿದ್ದಲ್ಲ. ಕೂಲಿ ಎಷ್ಟೆಂದು ಕೇಳುವ ಮೊದಲೇ ಅವನು ಕೇಳಿದ್ದು ಬೇರೆ. ಭೋಜರಾಜ ನಕ್ಕು ಮಾತು ಕೊಟ್ಟ.

"ಬ್ರಹ್ಮಾವರ್ದಗೆ ಕುಸ್ತಿ ಮುಗ್ದ್ ಕೂಡ್ಲೆ ಮೈಕಗೆ ನಿನ್ ಹೆಸ್ರೇ ಕೂಗ್ಸ್ತೆ. ಕೊಕ್ಕರ್ಣೆ ಐತ ಅಂದೇಳಿ. ಸಾಕಲ್ದಾ?"

ಸಾಕಿತ್ತು. ಸೋತರೂ ಸರಿ, ಒಬ್ಬನಾದರೂ ತನ್ನ ಜೊತೆ ಕೈ ಕೈ ಹಿಡಿದು ಆಡಿದ ಎಂದು ನಾಲ್ಕು ಜನರ ಎದುರು ಹೇಳಿದರೆ ಸಾಕಿತ್ತು. ಆ ಆಸೆ ದೊಡ್ಡದೋ ಚಿಕ್ಕದೋ, ಹೊರಗಿನವರು ಅಳೆಯಬಾರದು.

ಬಣ್ಣ ಹಚ್ಚುವುದಕ್ಕೆ ಶೀನ ಬಂದ. ಇವನು ಕೃಷ್ಣಾಷ್ಟಮಿ ವೇಷಗಳ ಶೀನ. ಪ್ರತಿ ಅಷ್ಟಮಿಗೂ ಒಳ್ಳೆಯ ಮನೆಯ ಹುಡುಗರ ಮೈಗೆ ಮಸಿ, ತೆಂಗಿನೆಣ್ಣೆ ಬಳಿದು ಕೊರಗ ವೇಷ ಮಾಡಿ ಪೇಟೆಗೆ ಬಿಡುತ್ತಿದ್ದವನು. ಅವರು ಅಂಗಡಿ ಅಂಗಡಿ ಕುಣಿಯುವುದು, ಜನ ನಗುವುದು. ಈಗ ಅದೇ ಡಬ್ಬಿಯ ಮಸಿಯನ್ನು ನಿಜವಾದ ಕೊರಗನಿಗೆ ಬಳಿದು ಆಫ್ರಿಕಾದವನನ್ನಾಗಿ ಮಾಡುವ ಕೆಲಸ. ಶೀನನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಿನ್ನ ಕಪ್ಪು ಸಾಲುವುದಿಲ್ಲ ಎಂದು ಗೊಣಗುತ್ತ ಕಿವಿಯ ಹಿಂದೆಯೂ ಬಳಿದ.

ಕುಂದಾಪುರದಲ್ಲಿ ಐತ ಸೋತ. ಜನ ಬಾಳೆಹಣ್ಣಿನ ಸಿಪ್ಪೆ ಎಸೆದರು, ಮಂಗನ ಹಾಗೆ ಕೂಗಿದರು, ಮನಸಾರೆ ಖುಷಿಪಟ್ಟರು. ಆಟ ಮುಗಿದ ಮೇಲೆ ಅದೇ ಜನ ಅವನ ಕೈ ಕುಲುಕಲು ಸಾಲು ನಿಂತರು. ಬೈಂದೂರಿನಲ್ಲಿ ಇನ್ನೂ ಹೆಚ್ಚು. ಹೋಟೆಲಿನ ಒಳಗೆ ಫ್ಯಾನಿನ ಕೆಳಗೆ ಕೂರಿಸಿ ಚಾ ಕೊಟ್ಟರು. ಅಲ್ಲಿಗೆ ಬಂದವರಲ್ಲಿ ಕೊಕ್ಕರ್ಣೆಯ ಗಿರಿಜಮ್ಮನೂ ಇದ್ದರು. ಅವರ ಮನೆಯ ಗದ್ದೆಯಲ್ಲಿ ಐತ ಚಿಕ್ಕಂದಿನಿಂದ ದುಡಿದವನು, ದನದ ಹಟ್ಟಿಯ ಹಿಂದೆ ಕೂತು ಗಂಜಿ ಉಂಡವನು. ಅವರು ಮೊಮ್ಮಗುವನ್ನು ತಂದು ಸಿಂಬಾನ ತೋಳಿಗೆ ಕೊಟ್ಟು, ತಾವೂ ಪಕ್ಕದಲ್ಲಿ ಒತ್ತಿ ನಿಂತು ಫೋಟೊ ತೆಗೆಸಿಕೊಂಡರು. ಮಗು ಅವನ ಮೂಗು ಹಿಡಿದು ಎಳೆಯಿತು. ಐತನಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನಾಚಿಕೆಯೂ ಆಯಿತು.

ಬ್ರಹ್ಮಾವರದ ಕುಸ್ತಿ ಶಾಲೆಯ ಮೈದಾನದಲ್ಲಿ, ಮಧ್ಯಾಹ್ನ ಮೂರಕ್ಕೆ. ಬೆಂಗಳೂರಿನಿಂದ ಪಕ್ಷದ ದೊಡ್ಡವರು ಬಂದು ವೇದಿಕೆಯಲ್ಲಿ ಕೂತಿದ್ದರು. ಕೊನೆಯ ಸಾಲಿನ ಹಿಂದೆ, ನೆಲದ ಮೇಲೆ ವನಜ, ಅವಳ ಸುತ್ತ ಕಾಲನಿಯ ಹನ್ನೆರಡು ಜನ. ಮದುವೆಯ ಸೀರೆ ಉಟ್ಟಿದ್ದಳು. ಹೆಸರು ಕೂಗುತ್ತಾರೆ, ಬನ್ನಿ ಎಂದು ಐತನೇ ಕರೆದಿದ್ದ.

ಶೀನ ಬಣ್ಣ ಮುಗಿಸುವಾಗ ಭೋಜರಾಜ ಒಳಗೆ ಬಂದ. ಹೆಸರು ಕೂಗುವುದು ಇವತ್ತು ಬೇಡ ಎಂದ. ದೊಡ್ಡವರ ಎದುರು ಗಡಿಬಿಡಿ ಆಗುವುದು ಬೇಡ, ಟಿಕೆಟ್ ಆಗಲಿ, ಆಮೇಲೆ ನೋಡುವ ಎಂದ. ನೀವು ಮಾತು ಕೊಟ್ಟಿದ್ದಿರಿ ಒಡೆಯ ಎಂದು ಐತ ಎರಡು ಸಲ ಹೇಳಿದ. ಎರಡನೆಯ ಸಲಕ್ಕೆ ಭೋಜರಾಜನಿಗೆ ರೇಗಿತು.

"ನೀ ಯಾರಂದೇಳಿ ಗೊತ್ತಾರೆ ರತನ್ ನಿನ್ನ ಮುಟ್ತನಾ? ನೀನೇ ಹೇಳ್."

ಐತ ಎದ್ದು ಹೊರಗೆ ಹೋದ.

ಬಿಸಿಲಿಗೆ ಎಣ್ಣೆ ಕರಗಿ ಮಸಿ ಕಣ್ಣಿಗಿಳಿಯುತ್ತಿತ್ತು. ತಾಲೀಮಿನ ಪ್ರಕಾರ ರತನ್ ಕುತ್ತಿಗೆ ಹಿಡಿದ, ಜನ ಕೂಗಿದರು, ಇಬ್ಬರ ಕೆನ್ನೆಗೆ ಕೆನ್ನೆ ತಾಗಿತು. ಇನ್ನು ಐತ ಬೀಳಬೇಕು. ಬೀಳುವ ಬದಲು ರತನನ ಕಿವಿಯ ಹತ್ತಿರ ಬಾಯಿ ತಂದ. ಕುಂದಾಪುರದ ಕನ್ನಡದಲ್ಲಿ, ರತನನನ್ನು ಅವನ ಅಮ್ಮ ಬೈಯುವ ಅದೇ ಕನ್ನಡದಲ್ಲಿ, ಮೆಲ್ಲನೆ ಹೇಳಿದ.

"ನಾನ್ ಆಫ್ರಿಕದವ ಅಲ್ಲ ಮಾರಾಯ. ಕೊಕ್ಕರ್ಣೆ ಕೊರಗರ ಕಾಲನಿ ಐತ."

ಅಂಥ ಮನೆಯ ಮಗನನ್ನು ಅವನು ಮಾರಾಯ ಎಂದದ್ದು ಜೀವನದಲ್ಲಿ ಅದೇ ಮೊದಲು. ರತನನ ಹಿಡಿತ ಸಡಿಲಿತು. ಎರಡು ಹೆಜ್ಜೆ ಹಿಂದೆ ಸರಿದು, ಬಲಗೈಯನ್ನು ತನ್ನ ಚಡ್ಡಿಗೆ ಒರೆಸಿಕೊಂಡ. ಬೇಕೆಂದು ಒರೆಸಿದ್ದಲ್ಲ, ಕೈ ತಾನಾಗಿಯೇ ಹೋಯಿತು. ಐತನಿಗೆ ಅದೇ ಸಹಿಸಲಾಗಲಿಲ್ಲ. ಬೇಕೆಂದೇ ಒರೆಸಿದ್ದರೆ ಬೈದು ಸುಮ್ಮನಾಗಬಹುದಿತ್ತು. ನುಗ್ಗಿ, ಡ್ರಿಲ್ ಮಾಸ್ಟರು ಕಲಿಸಿದ ಪಟ್ಟು ಹಾಕಿ ಎತ್ತಿ ಕೆಡವಿದ. ರತನನ ಎರಡೂ ಭುಜ ನೆಲಕ್ಕೆ ತಾಗಿದವು. ರೆಫ್ರಿ ಬೇರೆ ದಾರಿಯಿಲ್ಲದೆ ಮೂರು ಎಣಿಸಿದ.

ನಿಜ ಹೇಳಬೇಕೆಂದರೆ ಜನಕ್ಕೆ ಇದು ಇಷ್ಟವೇ ಆಯಿತು. ಸಿಂಬಾ, ಸಿಂಬಾ ಎಂದು ಶಿಳ್ಳೆ ಹೊಡೆದರು. ಅಲ್ಲಿಗೇ ನಿಲ್ಲಿಸಿದ್ದರೆ ಹಾರವನ್ನೂ ಹಾಕುತ್ತಿದ್ದರೋ ಏನೋ. ಐತ ರೆಫ್ರಿಯ ಕೈಯಿಂದ ಮೈಕು ತೆಗೆದುಕೊಂಡ. "ನಾನ್" ಎಂಬಷ್ಟು ಕೇಳಿಸಿತು, ಭೋಜರಾಜ ವಯರು ಕಿತ್ತ. ಉಳಿದದ್ದನ್ನು, ಊರು, ಜಾತಿ, ಹೆಸರನ್ನು, ಐತ ಬರಿ ಗಂಟಲಲ್ಲಿ ಕೂಗಿದ. ಮುಂದಿನ ಎರಡು ಸಾಲಿಗೆ ಕೇಳಿಸಿತು. ಅಲ್ಲಿಂದ ಹಿಂದಕ್ಕೆ ಅದು ಸಾಲಿನಿಂದ ಸಾಲಿಗೆ ಹೋಗುವುದನ್ನು ಅವನು ನಿಂತು ನೋಡಿದ. ವನಜಳ ತನಕ ಮುಟ್ಟುವ ಮೊದಲೇ ಕುರ್ಚಿ ಬಂತು. ಆಮೇಲೆ ಜನ ಬಂದರು. ಶಿಳ್ಳೆ ಹೊಡೆದ ಅದೇ ಜನ, ಈ ಸಲ ಕೈಯಿಂದ ಮುಟ್ಟದೆ ಕುರ್ಚಿ, ಗೂಟ, ಚಪ್ಪಲಿಯಿಂದ ಹೊಡೆದರು.

ಭುಜದ ಎಲುಬು ಎರಡು ಕಡೆ ಮುರಿದಿತ್ತು. ಎಂಟನೆಯ ದಿನ ವನಜ ಅವನನ್ನು ಠಾಣೆಗೆ ಕರೆದುಕೊಂಡು ಹೋಗಿ, ಜಾತಿ ನೋಡಿ ಹೊಡೆದಿದ್ದಾರೆ, ಕೇಸು ಬರೆಯಿರಿ ಎಂದು ಪಟ್ಟು ಹಿಡಿದಳು. ಎಸ್ಸೈ ಕೆಟ್ಟವನೇನಲ್ಲ. ಕಾಲನಿಯವರು ದೂರದಲ್ಲಿದ್ದವರು, ಅವರಿಗೆ ಏನೂ ಕೇಳಿಸಿಲ್ಲ ಎಂದ. ಮುಂದಿನ ಸಾಲಿನವರು, ಆಫ್ರಿಕಾದವನು ಮೋಸದಿಂದ ಗೆದ್ದ, ಅಭಿಮಾನಿಗಳಿಗೆ ಸಿಟ್ಟು ಬಂತು ಎನ್ನುತ್ತಾರೆ. ಅವನು ಮೇಜಿನ ಮೇಲೆ ಕುಸ್ತಿಯ ನೋಟೀಸು ಬಿಡಿಸಿಟ್ಟ. ಕೀನ್ಯಾ ದೇಶದ ಮೊಂಬಾಸಾದ ಸಿಂಬಾ ಎಂದು ದಪ್ಪಕ್ಷರದಲ್ಲಿತ್ತು. ಏಟು ತಿಂದವನು ಕೊರಗ ಎಂದು ಹೊಡೆದವರಿಗೆ ಗೊತ್ತಿತ್ತು ಎನ್ನಲು ಒಬ್ಬ ಸಾಕ್ಷಿ ಬೇಕು, ಒಬ್ಬನಾದರೂ ಹೆಸರು ಕೇಳಿದವನು ಬೇಕು ಎಂದ.

ರತನ್ ಇದ್ದಾನೆ ಎಂದ ಐತ. ಕಿವಿಯಲ್ಲೇ ಹೇಳಿದ್ದೇನೆ ಎಂದ. ಅವನ ಧ್ವನಿಯಲ್ಲಿ ನಂಬಿಕೆ ಇತ್ತು. ಮೂರು ಊರಿನಲ್ಲಿ ಮೈಗೆ ಮೈ ಕೊಟ್ಟು ಆಡಿದವನು ಅಷ್ಟು ಸುಳ್ಳಾಡಲಾರ ಎಂದುಕೊಂಡಿದ್ದ.

ರತನ್ ಬಂದ, ಭೋಜರಾಜನ ಕಾರಿನಲ್ಲಿ. ಸಿಂಬಾ ನಿನ್ನ ಕಿವಿಯಲ್ಲಿ ಏನು ಹೇಳಿದ ಎಂದು ಎಸ್ಸೈ ಕೇಳಿದ. ರತನ್ ಐತನ ಮುಖ ನೋಡಲಿಲ್ಲ. ಬ್ಯಾಂಡೇಜು ಸುತ್ತಿದ ಭುಜ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

"ಅವ್ರ್ ಭಾಷೆಯಂಗೆ ಎಂತದೋ ಹೇಳ್ದ ಸಾರ್. ನಂಗೆ ಗೊತ್ತಾಯ್ಲಿಲ್ಲೆ."

ಎಸ್ಸೈ ಹಾಗೆಯೇ ಬರೆದುಕೊಂಡ.

ಇಬ್ಬರೂ ಕೊಕ್ಕರ್ಣೆಯ ಬಸ್ಸು ಹತ್ತಿದರು. ಐತನ ಕಿವಿಯ ಹಿಂದೆ ಇನ್ನೂ ಸ್ವಲ್ಪ ಮಸಿ ಉಳಿದಿತ್ತು, ವನಜ ಸೆರಗಿನಿಂದ ಉಜ್ಜಿದಳು. ಆಗ ಅವನು, ಕೇಳದೆಯೇ, ಸರ್ಟಿಫಿಕೇಟಿನ ಕಥೆ ಹೇಳಿದ. ಮೂವರ ಹೆಸರು, ಮೂರು ಹೊಟ್ಟೆನೋವು, ಯಾವುದನ್ನೂ ಬಿಡಲಿಲ್ಲ. ವನಜ ಉಜ್ಜುವುದನ್ನು ನಿಲ್ಲಿಸದೆ ಕೇಳಿದಳು.

"ಹಂಗಾರೆ ಇವತ್ ರತನಂದ್ ನಾಲ್ಕ್ನೇ ಹೊಟ್ಟೆನೋವ್" ಎಂದಳು.

ಮನೆಗೆ ಬಂದವಳೇ ಗೋಡೆಯ ಮೇಲಿನ ಸರ್ಟಿಫಿಕೇಟಿನ ಕಟ್ಟನ್ನು ಇಳಿಸಿ, ಮುಖ ಕೆಳಗಾಗಿ ಪೆಟ್ಟಿಗೆಯ ತಳದಲ್ಲಿಟ್ಟಳು.