ಅಲ್ಲಾಡದ ಸ್ಟೂಲು

ಸಂತೆಯ ಬಾಗಿಲಲ್ಲೇ ಬಡಗಿ ಮುಖ ಸಿಂಡರಿಸಿ ನಿಂತ. ಮೇಲ್ಸೇತುವೆಯ ಕೆಳಗೆ ಪ್ರತಿ ಭಾನುವಾರ ಸೇರುವ ಹಳೇ ಸಾಮಾನು, ಕೈಕೆಲಸದ ಸಂತೆ ಅದು. ಮೊದಲ ಮೇಜಿನ ಮೇಲೆಯೇ ಗಾಜಿನ ಬಟ್ಟಲಲ್ಲಿ ಯಾರದೋ ಹಲ್ಲುಸೆಟ್ಟು ಇಟ್ಟಿದ್ದರು. ಪಕ್ಕದಲ್ಲಿ ಕಂಕುಳು ಹಳದಿಗಟ್ಟಿದ ಕೋಟುಗಳು. ಅದರಾಚೆ ಒಂದು ಬುಟ್ಟಿ ತುಂಬ ಯಾರ್ಯಾರದೋ ಮದುವೆ ಫೋಟೋಗಳು. ಹುಡುಗಿಯೊಬ್ಬಳು ಕೋಟೊಂದನ್ನು ಮೂಗಿಗೆ ಹಿಡಿದು "ಆಹಾ" ಎಂದಳು.

"ಅಯ್ಯೋ ಕರ್ಮವೇ, ನೆಲ ಒರೆಸೋಕೂ ನಾನಿದನ್ನ ಮುಟ್ಟಲ್ಲ," ಎಂದಳು ಬಡಗಿಯ ಹೆಂಡತಿ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು.

"ಸುಮ್ನೆ ಬಾ. ತಮ್ಮನ ಅಂಗಡಿ ನೋಡ್ಕೊಂಡು ಹೋಗೋಣ."

ಆರು ತಿಂಗಳಿಂದ ಬಡಗಿ ಮಾಡಿದ ಸ್ಟೂಲುಗಳನ್ನೆಲ್ಲ ಅವನ ತಮ್ಮನೇ ಇಲ್ಲಿ ತಂದು ಮಾರುತ್ತಿದ್ದ. "ನೀನು ಬರ್ಬೇಡ ಅಣ್ಣ, ಭಾರೀ ಧೂಳು, ನಿಂಗೆ ಮೊದಲೇ ದಮ್ಮು," ಎಂದು ಪ್ರತಿ ಸಲವೂ ತಡೆಯುತ್ತಿದ್ದ. ಬಡಗಿಗೆ ಮಾರಾಟದ ಗೊಡವೆ ಬೇಕಿರಲಿಲ್ಲ. ಅವನಿಗಿದ್ದದ್ದು ಒಂದೇ ಹಟ. ಸ್ಟೂಲು ಮುಗಿದ ಮೇಲೆ ಅದನ್ನು ಕಲ್ಲುಚಪ್ಪಡಿಯ ಮೇಲಿಟ್ಟು, ಅಂಚಿನವರೆಗೂ ನೀರು ತುಂಬಿದ ಲೋಟವನ್ನು ಸ್ಟೂಲಿನ ಮೇಲಿಟ್ಟು, ಮೂಲೆಗಳನ್ನು ಒಂದೊಂದಾಗಿ ಬೆರಳಿಂದ ಒತ್ತುತ್ತಿದ್ದ. ಒಂದು ಹನಿ ಚೆಲ್ಲಿದರೂ ಆ ಸ್ಟೂಲು ಹೊಸ್ತಿಲು ದಾಟುವಂತಿರಲಿಲ್ಲ. ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ಮೂವತ್ತು ವರ್ಷದಲ್ಲಿ ಒಬ್ಬರೂ ಅವನ ಸ್ಟೂಲು ಅಲ್ಲಾಡುತ್ತದೆ ಎಂದಿರಲಿಲ್ಲ. ಅವನಿಗೆ ಹೆಸರು ಅನ್ನುವುದೇನಾದರೂ ಇದ್ದರೆ ಅದಿಷ್ಟೇ. ಆ ಸ್ಟೂಲಿನ ಮೇಲೆ ಯಾರಾದರೂ ನೆಮ್ಮದಿಯಾಗಿ ಕೂತದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮನಿಗೆ ಹೇಳದೆ ಬಂದಿದ್ದ.

ತಮ್ಮನ ಅಂಗಡಿ ಸಿಕ್ಕಿತು. ಸ್ಟೂಲುಗಳು ಸಿಗಲಿಲ್ಲ. ಅಲ್ಲಿದ್ದವು ಯಾವುದೋ ಪಾಳುಮನೆಯಿಂದ ಎಳೆದು ತಂದಂಥ ಕಪ್ಪು ಮುದಿ ಸ್ಟೂಲುಗಳು. ಟೀ ಡಿಕಾಕ್ಷನ್ ಕುಡಿದ ಮರ, ಸರಪಳಿಯಿಂದ ಬಡಿದ ಗಾಯ, ಮೈತುಂಬ ಹುಳು ತಿಂದ ತೂತು. ಬಡಗಿ ಒಂದನ್ನು ಬೋರಲು ಹಾಕಿದ. ಕಾಲು ಸೇರುವ ಜಾಗದಲ್ಲಿ ತಾನೇ ಬಡಿದ ಬೆಣೆ ಕಂಡಿತು. ಹುಳು ಇಷ್ಟು ನೆಟ್ಟಗೆ, ಒಂದೇ ಅಳತೆಗೆ ಕೊರೆಯುವುದಿಲ್ಲ. ಡ್ರಿಲ್ಲು ಕೊರೆಯುತ್ತದೆ.

ಅಷ್ಟನ್ನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ತಿರುಗಿ ನೆಲಕ್ಕಿಟ್ಟಾಗ ಸ್ಟೂಲು ಟಕ್ ಟಕ್ ಎಂದು ಅಲ್ಲಾಡಿತು. ಒಂದು ಕಾಲನ್ನು ಬೆರಳಗಲ ಕೊಯ್ದಿದ್ದರು. ಬಡಗಿಯ ಬಾಯಿಗೆ ಕಹಿ ಉಕ್ಕಿ ಬಂತು.

"ನೀನೇನಾ ಕೊಯ್ದಿದ್ದು?"

ತಮ್ಮ ಇಂಗು ತಿಂದ ಮಂಗನಂತಾದ. "ಮೆಲ್ಲಗೆ ಅಣ್ಣ! ಅಲ್ಲಾಡದೇ ಇದ್ರೆ ಹಳೇದು ಅಂತ ಯಾರು ನಂಬ್ತಾರೆ?"

ಅಷ್ಟರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಬಂದು ಅದೇ ಸ್ಟೂಲಿನ ಮೇಲೆ ಕೂತು ಹಿಂದೆ ಮುಂದೆ ತೂಗಿದಳು. "ಎಷ್ಟು ಚೆನ್ನಾಗಿ ಅಲ್ಲಾಡತ್ತೆ! ನಿಜವಾಗ್ಲೂ ನೂರು ವರ್ಷದ್ದಾ?"

"ನಮ್ಮ ಮುತ್ತಜ್ಜನ ಕೈಕೆಲಸ ಮೇಡಂ," ಎಂದ ತಮ್ಮ.

"ಮುತ್ತಜ್ಜ ಅಲ್ಲ, ನಾನು," ಎಂದ ಬಡಗಿ. "ಹೋದ ಗುರುವಾರ ಮುಗಿಸಿದ್ದು. ಆಗ ಅಲ್ಲಾಡ್ತಿರಲಿಲ್ಲ."

ಹೆಂಗಸು ಬೆಂಕಿ ತಾಗಿದವಳಂತೆ ಎದ್ದಳು. "ಹೊಸದಾ? ಛೀ, ಹಾಗಾದ್ರೆ ನಂಗ್ಯಾಕೆ?" ಎಂದು ಕೈ ಒರೆಸಿಕೊಂಡಳು.

ಹಲ್ಲುಸೆಟ್ಟಿಗೆ ಛೀ ಅನ್ನದವರು ತನ್ನ ಕೆಲಸಕ್ಕೆ ಅಂದರಲ್ಲ ಎಂದು ಬಡಗಿಯ ಮೈಯೆಲ್ಲ ಉರಿಯಿತು. "ಗರಗಸ ತೆಗಿ," ಎಂದ ತಮ್ಮನಿಗೆ. ತಮ್ಮನ ಕಣ್ಣು ಮೇಜಿನಡಿಯ ಚೀಲದತ್ತ ಹೋಗಿ ಬಂತು. ಬಡಗಿಯ ಹೆಂಡತಿಯೇ ಅದಕ್ಕೆ ಕೈಹಾಕಿ ತೆಗೆದುಕೊಟ್ಟಳು. ಅದು ಅಪ್ಪನ ಗರಗಸ. ಎಲ್ಲೋ ಕಳೆದುಹೋಯಿತೆಂದು ತಮ್ಮ ಆರು ತಿಂಗಳಿಂದ ಸುಳ್ಳು ಹೊಡೆಯುತ್ತಿದ್ದ.

ಬಡಗಿ ಅಲ್ಲೇ ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಹೆಂಡತಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದ ಮೂರು ಕಾಲುಗಳನ್ನು ಮೋಟುಕಾಲಿನ ಅಳತೆಗೆ ಗುರುತು ಹಾಕಿ, ದಮ್ಮು ಕಟ್ಟಿದರೂ ನಿಲ್ಲಿಸದೆ ಕೊಯ್ದ. ಟೀ ಅಂಗಡಿಯಿಂದ ಒಂದು ಲೋಟ ನೀರು ತರಿಸಿ ಸ್ಟೂಲಿನ ಮೇಲಿಟ್ಟ. ನಾಲ್ಕೂ ಮೂಲೆ ಒತ್ತಿದ. ಒಂದು ಹನಿಯೂ ಚೆಲ್ಲಲಿಲ್ಲ.

ತಲೆಯೆತ್ತಿದರೆ ಸುತ್ತ ಜನವೋ ಜನ. ಚಪ್ಪಾಳೆ, ಫೋಟೋ. ತಮ್ಮ ಆಗಲೇ ಮೇಜು ಹತ್ತಿ ಕೂಗುತ್ತಿದ್ದ: "ಕಣ್ಣೆದುರೇ ಕೈಕೆಲಸ! ಪ್ರತಿ ಭಾನುವಾರ ಹನ್ನೊಂದಕ್ಕೆ!"

ಕನ್ನಡಕದ ಹೆಂಗಸು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಅವಳ ಕಣ್ಣು ಸ್ಟೂಲಿನ ಮೇಲಿರಲಿಲ್ಲ. "ಆ ಗರಗಸ ನಿಜವಾಗ್ಲೂ ಹಳೇದಲ್ವಾ? ಹಿಡಿ ಎಷ್ಟು ಸವೆದಿದೆ ನೋಡಿ! ಗೋಡೆಗೆ ಹಾಕ್ತೀನಿ, ಕೊಡ್ತೀರಾ?"

ಬಡಗಿ ಲೋಟ ಎತ್ತಿ, ನೀರನ್ನು ಬಾಯಿಗೆ ಹಾಕಿ ಚೆನ್ನಾಗಿ ಮುಕ್ಕಳಿಸಿ, ಮೇಜಿನ ಬುಡಕ್ಕೆ ಉಗಿದ. ಗರಗಸವನ್ನು ಕಂಕುಳಲ್ಲಿ ಇರುಕಿಕೊಂಡ. ಹೆಂಡತಿ ಸ್ಟೂಲನ್ನು ಎತ್ತಿಕೊಂಡಳು. ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು ಹೊರಟರು.

"ಅಣ್ಣಾ!" ತಮ್ಮ ಹಿಂದೆಯೇ ಓಡಿ ಬಂದ. "ಮುಂದಿನ ವಾರಕ್ಕೆ ಹತ್ತು ಸ್ಟೂಲು ಒಪ್ಕೊಂಡಿದೀನಿ, ಯಾರು ಮಾಡ್ತಾರೆ?"

ಬಡಗಿ ತಿರುಗಿ ನೋಡಲಿಲ್ಲ.

"ನಿನ್ನ ಮುತ್ತಜ್ಜನ್ನ ಕೇಳು."