ಕೈಗೆ ಕೊಡದ ಚಾಕು

ಗೌನಿಪಲ್ಲಿ ಸುತ್ತಮುತ್ತ ಮಾವಿನ ಗಿಡಕ್ಕೆ ಕಸಿ ಕಟ್ಟುವವರಿಗೇನೂ ಬರವಿಲ್ಲ. ಆದರೆ ಭೀಮರಾಜ ಕಟ್ಟಿದ ಕಸಿ ಒಣಗಿದ್ದನ್ನು ಕಂಡವರು ಕಡಿಮೆ. ಅದೆಲ್ಲ ಅವನ ಬಲಗೈ ಹೆಬ್ಬೆರಳಿನ ಗುಣ ಎನ್ನುತ್ತಿದ್ದರು ಜನ. ಆ ಬೆರಳಿನ ಒತ್ತಿಗೆ ಕಡ್ಡಿ ಒಂದೇ ಎಳೆತಕ್ಕೆ ನುಣ್ಣಗೆ ಸೀಳುತ್ತಿತ್ತು. ಮನೆ ನಡೆಯುತ್ತಿದ್ದದ್ದು ಆ ಬೆರಳಿನಿಂದ. ಮಗಳು ಮೌನಿಕಾ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದದ್ದೂ ಆ ಬೆರಳಿನಿಂದಲೇ.

ಚಾಕು ಅವನಪ್ಪ ಗಂಗುಲಪ್ಪನದು. ಮರದ ಹಿಡಿಯ, ಮಡಚುವ ಚಾಕು. ಮುದುಕ ಅದನ್ನು ಮಗನಿಗೆ ಒಪ್ಪಿಸಿದಾಗ ಕೈಗೆ ಕೊಟ್ಟಿರಲಿಲ್ಲ. ಜಗಲಿಯ ಮೇಲಿಟ್ಟು, "ತಗೋ" ಎಂದಿದ್ದ. ಆ ಕಡೆ ಎಲ್ಲರ ಮನೆಯಲ್ಲೂ ಅಷ್ಟೆ. ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಹೋಗುವುದಿಲ್ಲ. ಹೋದರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಹಗೆ ಹುಟ್ಟುತ್ತದೆ. ನಗುವವರು ನಗಲಿ. ನಕ್ಕವರ ಮನೆಯಲ್ಲೂ ಉಪ್ಪನ್ನು ಕೆಳಗಿಟ್ಟೇ ಕೊಡುತ್ತಾರೆ, ಬೇಕಾದರೆ ಹೋಗಿ ನೋಡಿ.

ಜೂನ್ ತಿಂಗಳಲ್ಲಿ ಭೀಮರಾಜ ಒಂದು ಚೀಲ ಬಾದಾಮಿ ಮಾವಿನ ಹಣ್ಣು ಹೊತ್ತು ಮಗಳನ್ನು ನೋಡಲು ಬೆಂಗಳೂರಿಗೆ ಹೊರಟ. ಚಾಕು ಎಂದಿನಂತೆ ಪಂಚೆಯೊಳಗಿನ ಚಡ್ಡಿಯ ಜೇಬಿನಲ್ಲಿತ್ತು. ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಚಪ್ಪಲಿ ಬಿಟ್ಟು ಊರಿಗೆ ಹೋಗುತ್ತಾರೆಯೇ?

ಹಾಸ್ಟೆಲ್ಲಿನ ಹತ್ತಿರದ ಸರ್ಕಲ್ಲಿನಲ್ಲಿ ಹಿಂದಿನ ದಿನ ತಾನೆ ಇಬ್ಬರು ಹುಡುಗರಿಗೆ ಯಾರೋ ಚಾಕು ಹಾಕಿದ್ದರು. ಒಬ್ಬ ಸತ್ತಿದ್ದ. ಅದಕ್ಕೇ ಮಟಮಟ ಮಧ್ಯಾಹ್ನ ಪೊಲೀಸರು ಬಸ್ಸಿನಿಂದ ಇಳಿದವರನ್ನೆಲ್ಲ ತಡವುತ್ತಿದ್ದರು. ಭೀಮರಾಜನ ಸರದಿ ಬಂದಾಗ ಎಸ್ಸೈ ಕೈ ಅವನ ತೊಡೆಯ ಹತ್ತಿರ ನಿಂತಿತು.

"ಏನದು? ತೆಗಿ."

"ಚಾಕು ಸಾರ್. ಕಸಿ ಕಟ್ಟೋದು."

"ಕಸಿನೋ ಕಿಸಿನೋ. ತೆಗಿಯಯ್ಯ ಮೊದ್ಲು."

ಭೀಮರಾಜ ಪಂಚೆ ಎತ್ತಿ, ಚಡ್ಡಿಗೆ ಕೈ ಹಾಕಿ ಚಾಕು ತೆಗೆದ. ಪಕ್ಕದಲ್ಲಿದ್ದವರು ದೂರ ಸರಿದರು. ಎಸ್ಸೈ ಬಿಚ್ಚು ಎಂದ, ಬಿಚ್ಚಿದ. ದಿನಾ ಸಾಣೆ ಕಂಡ ಅಲಗು ಬಿಸಿಲಿಗೆ ಫಳಕ್ಕನೆ ಹೊಳೆಯಿತು.

"ಕೊಡಿಲ್ಲಿ" ಎಂದು ಎಸ್ಸೈ ಅಂಗೈ ಚಾಚಿದ.

ಭೀಮರಾಜನಿಗೆ ಫಜೀತಿಗಿಟ್ಟುಕೊಂಡಿತು. ಅಷ್ಟು ದೊಡ್ಡ ಊರಿನಲ್ಲಿ, ಮೊದಲ ಸಲ ಮುಖ ಕಂಡ ಪೊಲೀಸಿನವನ ಅಂಗೈಗೆ ಬಿಚ್ಚಿದ ಚಾಕು ಇಟ್ಟು ಹಗೆ ಕಟ್ಟಿಕೊಳ್ಳುವುದೇ? ಅವನು ಮರ್ಯಾದೆಯಿಂದ ಸೊಂಟ ಬಗ್ಗಿಸಿ, ಎಸ್ಸೈ ಬೂಟಿನ ಮುಂದೆ ಚಾಕು ಇಡಲು ಹೋದ.

"ಸಾರ್, ಕಾಲಿಗೆ ಹಾಕ್ತಾವ್ನೆ!" ಎಂದು ಒಬ್ಬ ಪೇದೆ ಕಿರುಚಿದ.

ಲಾಠಿ ಮೊದಲು ಮಣಿಕಟ್ಟಿಗೆ ಬಿತ್ತು. ಚಾಕು ಎಗರಿ ಹೋಯಿತು. ಎರಡನೆಯದು ಕಿವಿಯ ಮೇಲೆ, ಮತ್ತೊಂದು ಬೆನ್ನಿಗೆ. ಭೀಮರಾಜ ಮುಗ್ಗರಿಸಿ ಬಿದ್ದ. ಚೀಲದ ಬಾಯಿ ಬಿಚ್ಚಿ ಹಣ್ಣುಗಳು ರಸ್ತೆಗೆ ಉರುಳಿದವು, ಬೂಟುಗಳ ಅಡಿಯಲ್ಲಿ ಪಚಪಚ ಅಪ್ಪಚ್ಚಿಯಾದವು. ಬಿದ್ದವನು ಬಲಗೈ ಊರಿ ಏಳಲು ನೋಡಿದ. ಕಿರುಚಿದ್ದ ಪೇದೆ ಆ ಕೈಯನ್ನು ಬೂಟುಗಾಲಿನಲ್ಲಿ ತುಳಿದು ನಿಂತ.

ನೋವಿಗೆ ಭೀಮರಾಜನ ಕನ್ನಡ ಹಾರಿಹೋಯಿತು. "ಕೊಟ್ಟೊದ್ದು ನಾಯನಾ, ಕೊಟ್ಟೊದ್ದು!" ಹೊಡೆಯಬೇಡಪ್ಪಾ ಎಂದು ತೆಲುಗಿನಲ್ಲಿ ಅರಚಿದ.

ಬೂಟು ಒಂದು ಗಳಿಗೆ ಸಡಿಲವಾಯಿತು. ಭೀಮರಾಜ ತಲೆಯೆತ್ತಿ ನೋಡಿದ. ಪೇದೆಯ ಎದೆಯ ಮೇಲೆ ಮುನಿಕೃಷ್ಣ ಎಂದು ಹೆಸರಿತ್ತು. ಅವನೂ ಭೀಮರಾಜನ ಮುಖವನ್ನೇ ದಿಟ್ಟಿಸುತ್ತಿದ್ದ. ಎಸ್ಸೈ "ಬಿಡಬೇಡ ಹಾಕು" ಎಂದ. ಮುನಿಕೃಷ್ಣ ಹಿಮ್ಮಡಿ ತಿರುಗಿಸಿ ಇನ್ನೂ ಜೋರಾಗಿ ಒತ್ತಿದ. ಹೆಬ್ಬೆರಳಿನ ಬುಡದಲ್ಲಿ ಮೂಳೆ ಲಟಕ್ಕೆಂದಿತು. ಭೀಮರಾಜ ಅಲ್ಲೇ, ಮಾವಿನ ರಸದ ಮೇಲೆ ವಾಂತಿ ಮಾಡಿಕೊಂಡ.

ಠಾಣೆಯಲ್ಲಿ ಗ್ಯಾಂಗು ಯಾವುದು, ಲೀಡರ್ ಯಾರು ಎಂದು ಕೇಳಿ ಕೇಳಿ ಕಪಾಳಕ್ಕೆ ಹೊಡೆದರು. ಅವನಿಗೆ ಗೊತ್ತಿದ್ದ ಲೀಡರ್ ಎಂದರೆ ಪಂಚಾಯಿತಿ ಮೆಂಬರು ಪೆದ್ದಪ್ಪ ಒಬ್ಬನೇ. ಆ ಹೆಸರು ಹೇಳಿದ್ದಕ್ಕೆ ಇನ್ನೂ ನಾಲ್ಕು ಬಿದ್ದವು. ಸಂಜೆ ಸುದ್ದಿ ತಿಳಿದು ಮೌನಿಕಾ ಹಾಸ್ಟೆಲ್ ವಾರ್ಡನ್ನನ್ನು ಕರೆದುಕೊಂಡು ಬಂದ ಮೇಲೆ, "ಇನ್ಮೇಲೆ ಚಾಕು ಇಟ್ಕೊಂಡು ಸಿಟಿಗೆ ಬರಬೇಡ" ಎಂದು ಬುದ್ಧಿ ಹೇಳಿ ಕಳಿಸಿದರು. ಕೇಸಿಲ್ಲ, ಕಾಗದವಿಲ್ಲ. ಚಾಕುವನ್ನೂ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಬೆರಳು ಇನ್ನು ಮಡಚುವುದಿಲ್ಲ ಎಂದೂ ಹೇಳಿದರು.

ಮಳೆ ಹಿಡಿದು ಕಸಿ ಕಟ್ಟುವ ಕಾಲ ಬಂತು. ಬೇರೆ ಚಾಕು ತಂದು ಕೂತ ಭೀಮರಾಜನಿಗೆ ಹಿಡಿತವೇ ಸಿಗಲಿಲ್ಲ. ಅಲಗು ಜಾರಿ ಎಡಗೈ ಸೀಳಿತು. ರಕ್ತ ನೋಡಿದ್ದೇ ಅವನಿಗೆ ಏನಾಯಿತೋ, ಎದ್ದು ಸಸಿಗಳನ್ನೆಲ್ಲ ಒದ್ದ, ಕಿತ್ತ, ತುಳಿದ. ತಡೆಯಲು ಬಂದ ಹೆಂಡತಿ ಶಾಮಲಮ್ಮನನ್ನು ತಳ್ಳಿದ. ಅವಳ ಹಣೆ ಕಲ್ಲಿಗೆ ಬಡಿದು ಒಡೆಯಿತು. ಮದುವೆಯಾದಾಗಿನಿಂದ ಅವಳ ಮೇಲೆ ಕೈ ಎತ್ತದವನು ಅಂದು ಅವಳ ಕಾಲ ಬಳಿ ಕೂತು ಮಗುವಿನಂತೆ ಅತ್ತ.

ಮೌನಿಕಾ ಸುಮ್ಮನಿರುವವಳಲ್ಲ. ಮೇಲಧಿಕಾರಿಗಳಿಗೆ ದೂರು ಕೊಟ್ಟಳು. ವಿಚಾರಣೆಗೆ ದಿನ ಗೊತ್ತಾಯಿತು.

ಆ ವಾರವೇ ಮುನಿಕೃಷ್ಣ ಬೈಕಿನಲ್ಲಿ ಗೌನಿಪಲ್ಲಿಗೆ ಬಂದ. ಮೈಮೇಲೆ ಯೂನಿಫಾರಂ ಇರಲಿಲ್ಲ. ಕೈಯಲ್ಲಿ ಸೇಬಿನ ಕವರಿತ್ತು. ಸದ್ಯ, ಮಾವು ತರದಷ್ಟು ಬುದ್ಧಿ ಇತ್ತು. ಅವನು ಯಾರೆಂದು ತಿಳಿದದ್ದೇ ಶಾಮಲಮ್ಮ ಕುಡುಗೋಲು ಎತ್ತಿಕೊಂಡಳು. ರಜೆಗೆ ಬಂದಿದ್ದ ಮೌನಿಕಾ ಅಮ್ಮನ ರಟ್ಟೆ ಹಿಡಿದು ನಿಲ್ಲಿಸಿದಳು.

ಜಗಲಿಯಲ್ಲಿ ಕೂತಿದ್ದ ಭೀಮರಾಜನ ಮುಂದೆ ಮುನಿಕೃಷ್ಣ ಕುಕ್ಕರುಗಾಲಲ್ಲಿ ಕೂತ. "ಅಣ್ಣಾ, ನಾನೂ ನಿಮ್ ಕಡೆಯವ್ನೇ. ತಾಯಲೂರು. ಸಸ್ಪೆಂಡ್ ಮಾಡ್ಬಿಟ್ರೆ ನನ್ ಮನೆ ಬೀದಿಗೆ ಬೀಳ್ತದಣ್ಣಾ. ಎರಡು ಮಕ್ಳು."

"ನನಗೂ ಮನೆ ಐತೆ" ಎಂದ ಭೀಮರಾಜ.

"ಹಿಂದಿನ್ ದಿನಾನೇ ಕೊಲೆ ಆಗಿತ್ತಲ್ಲಣ್ಣಾ, ಎಲ್ಲಾ ಗಾಬರಿ. ನೀವು ಬಗ್ಗಿದ್ದು ಯಾಕೇಂತ ನಂಗೆಂಗೆ ಗೊತ್ತಾಗ್ಬೇಕು? ಸಾರ್ ಕಾಲಿಗೆ ಹಾಕೋಕೆ ಬಗ್ತಾವ್ರೆ ಅಂದ್ಕೊಂಡೆ. ದೇವ್ರಾಣೆ."

ಅವನ ಕಣ್ಣಲ್ಲಿ ನೀರಿತ್ತು. ಭೀಮರಾಜ ಅದನ್ನು ಕಂಡ. ಗಾಬರಿಯಲ್ಲಿ ಯಾರಿಗೆ ಏನು ಕಾಣುತ್ತದೆ? ತಾನು ಹೆಂಡತಿಯನ್ನು ತಳ್ಳಿದಾಗ ಅಲ್ಲಿದ್ದ ಕಲ್ಲು ತನಗೆ ಕಂಡಿತ್ತೇ? ಹೋಗಲಿ ಬಿಡಮ್ಮ ಎನ್ನಲು ಅವನು ಮಗಳ ಕಡೆ ತಿರುಗಿದ.

ಅವನ ಮುಖ ಮೆತ್ತಗಾದದ್ದನ್ನು ಮುನಿಕೃಷ್ಣ ಗಮನಿಸಿದ. ಬೇಗ ಜೇಬಿಗೆ ಕೈ ಹಾಕಿ ಕರ್ಚೀಫಿನ ಗಂಟು ತೆಗೆದು ಬಿಚ್ಚಿದ. ಗಂಗುಲಪ್ಪನ ಚಾಕು. ಅದನ್ನು ಕಂಡ ಭೀಮರಾಜನಿಗೆ ಉಳಿದದ್ದೆಲ್ಲ ಮರೆತುಹೋಯಿತು. ರೂಢಿಯನ್ನೂ ಮರೆತು ಬಲಗೈ ಚಾಚಿಬಿಟ್ಟ.

ಮುನಿಕೃಷ್ಣ ಆ ಕೈಗೆ ಚಾಕು ಕೊಡಲಿಲ್ಲ. ಕೈಯನ್ನು ದಾಟಿಸಿ, ಪಕ್ಕದಲ್ಲಿ ಜಗಲಿಯ ಮೇಲೆ ಮೆಲ್ಲಗೆ ಇಟ್ಟು, "ತಗೊಳ್ಳಿ ಅಣ್ಣಾ" ಎಂದ.

ಚಾಚಿದ ಕೈ ಚಾಚಿದಂತೆಯೇ ಇತ್ತು.

"ಯಾಕೆ ಕೆಳಗಿಟ್ಟೆ?" ಭೀಮರಾಜ ಕೇಳಿದ.

"ಚಾಕು ಕೈಗ್ ಕೊಡಬಾರದಲ್ಲಣ್ಣಾ, ನಮ್ ಕಡೆ..." ಎಂದ ಮುನಿಕೃಷ್ಣ. ಹೇಳಿದ ಮಾತು ಏನೆಂದು ಆಗ ಅವನಿಗೇ ಹೊಳೆಯಿತು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಹಂಗಾರೆ ಗೊತ್ತಿತ್ತು" ಎಂದ ಭೀಮರಾಜ. ಅವನ ದನಿ ಏರಲಿಲ್ಲ. "ನಾನ್ ಬಗ್ಗಿದ್ದು ಯಾಕೇಂತ ಆ ಸರ್ಕಲ್ನಾಗೆ ಗೊತ್ತಿದ್ದೋನು ನೀನೊಬ್ನೇ ಕಣೋ. ಗೊತ್ತಿದ್ದೂ ಕಿರುಚಿದೆ. ಗೊತ್ತಿದ್ದೂ ತುಳಿದೆ."

ಮುನಿಕೃಷ್ಣ ಎದ್ದು ಹೊರಡಲು ನೋಡಿದ.

"ಎತ್ತು ಅದನ್ನ. ಈ ಕೈಗೇ ಕೊಡು."

"ಬೇಡಣ್ಣಾ..."

"ಕೊಡೋ!"

ಆ ಕೂಗಿಗೆ ಶಾಮಲಮ್ಮ ಕೂಡ ಬೆಚ್ಚಿದಳು. ಮುನಿಕೃಷ್ಣ ಚಾಕು ಎತ್ತಿ, ಆ ಸೊಟ್ಟ ಕೈಯ ಮೇಲಿಟ್ಟ. ಹೆಬ್ಬೆರಳು ಮಡಚಲಿಲ್ಲ. ಭೀಮರಾಜ ಉಳಿದ ನಾಲ್ಕು ಬೆರಳುಗಳಲ್ಲೇ ಅದನ್ನು ಅಮುಕಿ ಹಿಡಿದ.

"ಆಯ್ತು" ಎಂದ. "ಇನ್ನು ವಿಚಾರಣೆಯಾಗೆ ನೋಡ್ಕೊಳ್ಳಾಣ. ಸೇಬು ತಗೊಂಡ್ ಹೋಗು."