ಹದಿನೇಳಡಿ ದೋಣಿ, ನಾಲ್ಕಡಿ ಕ್ಯಾರಿಯರ್

ಇದನ್ನು ಬರೆಯುವ ಹಕ್ಕು ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ತಪ್ಪಿನಲ್ಲಿ ಪಾಲಿರುವವನು ಹೇಳಲು ಕೂತರೆ ತನ್ನನ್ನು ಉಳಿಸಿಕೊಂಡೇ ಹೇಳುತ್ತಾನೆ ಎಂಬ ಅನುಮಾನ ಓದುವವರಿಗೆ ಬರಬಹುದು, ನನಗೂ ಇದೆ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ.

2004ರಲ್ಲಿ ನಾನು ಹಲಸೂರು ಕೆರೆಯ ಒಂದು ಸಣ್ಣ ದೋಣಿ ಸಂಘದ ಸಹಕಾರ್ಯದರ್ಶಿಯಾಗಿದ್ದೆ. ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದರಿಂದ ಸಂಘದಲ್ಲಿ ಟೆಕ್ನಿಕಲ್ ಎಂದರೆ ನಾನೊಬ್ಬನೇ. ಸಂಘಕ್ಕಿದ್ದದ್ದು ಒಂದೇ ರೇಸಿನ ಕೆನೂ, ಹದಿನೇಳಡಿ ಉದ್ದದ ಕಿರಿದಾದ ಫೈಬರ್ ದೋಣಿ. ಅದನ್ನು ಓಡಿಸುತ್ತಿದ್ದವಳು ರಾಜೇಶ್ವರಿ, ನಮ್ಮ ವಾಚ್‌ಮನ್ ಹುಲಿಗೆಪ್ಪನ ಮಗಳು. ಕೋಲಾರದ ಆಚೆ ಒಂದು ಕೆರೆಯಲ್ಲಿ ಜೂನಿಯರ್ ತಂಡದ ಆಯ್ಕೆಯಿತ್ತು. ವಯಸ್ಸಿನ ನಿಯಮದಂತೆ ಅವಳಿಗೆ ಅದೇ ಕೊನೆಯ ವರ್ಷ.

ದೋಣಿ ಹೋಗಬೇಕಾದದ್ದು ಅಧ್ಯಕ್ಷ ಕೆಂಪರಾಜ್ ಅವರ ಪಿಕಪ್ಪಿನಲ್ಲಿ. ಅದಕ್ಕೊಂದು ಕ್ಯಾರಿಯರ್ ಆರಿಸಲು ನಾನೂ ಹುಲಿಗೆಪ್ಪನೂ ಗಾಡಿ ತೆಗೆದುಕೊಂಡು ಶಿವಾಜಿನಗರಕ್ಕೆ ಹೋದೆವು. ವೆಲ್ಡರ್ ಗಯಾಜ್ ಟೇಪ್ ಹಿಡಿದು ಗಾಡಿ ಅಳೆದ.

"ಕ್ಯಾಬಿನ್ ಮೇಲೊಂದು ಕಂಬಿ, ಬಾಡಿ ಕೊನೇಲಿ ಒಂದು. ಮಧ್ಯ ಎಂಟಡಿ ಗ್ಯಾಪ್. ಕಂಬಿಗೆ ರಬ್ಬರ್ ಟ್ಯೂಬ್ ಸುತ್ಕೊಡ್ತೀನಿ. ದೋಣಿ ಬೋರಲು ಹಾಕಿ, ಮೂತಿಗೂ ಬಾಲಕ್ಕೂ ಹಗ್ಗ ಬಿಗೀರಿ. ಒಲೆ ಮೇಲೆ ಹಂಡೆ ಕೂತಂಗೆ ಕೂರುತ್ತೆ ಸಾಬ್."

"ಇದ ಬರೋಬ್ಬರಿ ಐತ್ರಿ ಸರ," ಎಂದ ಹುಲಿಗೆಪ್ಪ. ನನಗೂ ಅದೇ ಸರಿ ಎನಿಸಿತು. ನಾಳೆ ಬರುತ್ತೇವೆ ಎಂದು ಹೇಳಿ ಬಂದೆವು.

ಮರುದಿನ ಸಂಘಕ್ಕೆ ಹೋದರೆ ಪಿಕಪ್ಪಿನ ಕ್ಯಾಬಿನ್ ಮೇಲೆ ಆಗಲೇ ಹೊಳೆಯುವ ಸ್ಟೀಲ್ ಬುಟ್ಟಿಯೊಂದು ಕೂತಿತ್ತು. ಜೀಪಿನ ಮೇಲೆ ಸೂಟ್‌ಕೇಸ್ ಹೇರಲು ಹಾಕಿಸುತ್ತಾರಲ್ಲ, ಅಂಥದ್ದು. ಉದ್ದ ನಾಲ್ಕಡಿ. ಅದರ ಮುಂದೆ ಕೆಂಪರಾಜ್ ಅವರ ತಂದೆ ದಿವಂಗತ ಮುನಿವೆಂಕಟಪ್ಪನವರ ಫೋಟೊ ಇರುವ ಬೋರ್ಡು.

"ಸರ್, ಇದು ದೋಣಿಗೆ ಆಗಲ್ಲ," ಎಂದೆ.

"ರೀ ಆನಂದ್, ಕಂಬಿ ಹಾಕ್ಸಿದ್ರೆ ಬೋರ್ಡ್ ಎಲ್ಲಿಡ್ಲಿ, ನಿಮ್ ತಲೆ ಮೇಲಾ? ದೋಣೀನೂ ಬೋರಲು ಹಾಕ್ಬೇಡಿ. ಸೈಡಲ್ಲಿ ಅಪ್ಪಾಜಿ ಹೆಸರಿದೆ, ತಲೆಕೆಳಗಾಗುತ್ತೆ. ಹೊಸಕೋಟೆ ತನಕ ಜನ ಓದ್ಬೇಕು."

"ಹಿಂದುಗಡೆ ಸಪೋರ್ಟೇ ಇಲ್ಲ ಸರ್..."

"ಹುಲಿಗೆಪ್ಪ ಕೂತು ಹಿಡ್ಕೋತಾನೆ ಬಿಡ್ರೀ. ಅವನ ಮಗಳದ್ದೇ ತಾನೇ ರೇಸು?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ಕೆಂಪರಾಜ್ ಒಂದು ಕೈಯಲ್ಲಿ ಲಾಡು ಕೊಟ್ಟರು, ಇನ್ನೊಂದರಲ್ಲಿ ಟೈಪ್ ಮಾಡಿದ ಹಾಳೆ: ಈ ಕ್ಯಾರಿಯರ್ ತಾಂತ್ರಿಕವಾಗಿ ಸೂಕ್ತವಾಗಿದೆ. ಸಂಘದ ಕಡತಕ್ಕೆ ಅದು ಬೇಕಿತ್ತು. ಸಹಿ ಮಾಡಿದೆ. ಪಕ್ಕದಲ್ಲಿ ನನ್ನ ಬೆರಳಿನ ತುಪ್ಪದ ಕಲೆ ಬಿತ್ತು. ಸಹಿಯ ಕೆಳಗೆ ಡಿಪ್ಲೊಮಾ ಎಂದೂ ಬರೆದೆ, ಯಾರೂ ಕೇಳಿರಲಿಲ್ಲ.

ರಾಜೇಶ್ವರಿ ಆಯ್ಕೆಯ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದಳು. ನಾವು ಆಯ್ಕೆಯ ದಿನ ಬೆಳಿಗ್ಗೆ ಹೊರಟೆವು. ಕೆಂಪರಾಜ್ ಗಾಡಿ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಹುಲಿಗೆಪ್ಪ ಹಿಂದೆ ನಿಂತು ದೋಣಿಯ ಬಾಲವನ್ನು ತಬ್ಬಿಕೊಂಡಿದ್ದ. ಕೆ.ಆರ್. ಪುರ ದಾಟಿದ ಮೇಲೆ ರಸ್ತೆಯ ಒಂದೊಂದು ಉಬ್ಬಿಗೂ ದೋಣಿಯ ಮೂತಿ ಎದ್ದು, ನಡು ಬುಟ್ಟಿಯ ಹಿಂದಿನ ಪೈಪಿಗೆ ಧಡ್ಡೆಂದು ಬಡಿಯುತ್ತಿತ್ತು. ಹುಲಿಗೆಪ್ಪ ಒಂದು ಕೈಯಲ್ಲಿ ಗಾಡಿಯ ಬಾಡಿ ಬಡಿದ.

"ಏನಂತೆ ಅವನಿಗೆ, ತಮಟೆ ಬಾರಿಸ್ತಾನೆ," ಎಂದು ಕೆಂಪರಾಜ್ ಕ್ಯಾಸೆಟ್ಟಿನ ಸದ್ದು ಏರಿಸಿದರು. ನಿಲ್ಲಿಸಿ ಎಂದು ನಾನು ಹೇಳಲಿಲ್ಲ.

ಕೆರೆಯ ದಡದಲ್ಲಿ ದೋಣಿ ಇಳಿಸಿ ಮಗುಚಿದಾಗ ರಾಜೇಶ್ವರಿ ತಳವನ್ನು ಕೈಯಿಂದ ಸವರುತ್ತ ಬಂದು ನಡುವಿನಲ್ಲಿ ನಿಂತಳು. ಪೈಪು ಬಡಿದ ಜಾಗದಲ್ಲೇ ಗೇಣುದ್ದ ಬಿರುಕು. ಅಂಟು ಒಣಗಲು ಸಮಯವಿರಲಿಲ್ಲ. ಬೇರೆ ಸಂಘದವರ ದೋಣಿ ಕೇಳಿದೆವು. ಅವರ ಹುಡುಗಿಯರೂ ಅದೇ ಸುತ್ತಿನಲ್ಲಿದ್ದರು. ರಾಜೇಶ್ವರಿಯ ಹೆಸರನ್ನು ಮೈಕಿನಲ್ಲಿ ಮೂರು ಸಲ ಕರೆದು ಕೈಬಿಟ್ಟರು.

"ಆನಂದ್ ಸರ್, ಕ್ಯಾರಿಯರ್ ಸರಿಯಿದೆ ಅಂತ ನೀವು ನೋಡೇ ಸೈನ್ ಮಾಡಿದ್ರಾ?" ಎಂದು ರಾಜೇಶ್ವರಿ ಕೇಳಿದಳು.

"ಹೂಂ," ಎಂದೆ.

ಕೆಂಪರಾಜ್ ನನ್ನನ್ನು ಪಕ್ಕಕ್ಕೆ ಕರೆದರು. "ಹಳೇ ಕ್ರ್ಯಾಕ್ ಅಂತ ಒಂದ್ಲೈನ್ ಬರ್ದುಕೊಡಿ, ಮುಗೀತು."

ಹುಲಿಗೆಪ್ಪನಿಗೆ ಅದು ಕೇಳಿಸಿತು. ಅವನ ಎರಡೂ ಮೊಣಕೈ ತರಚಿ ರಕ್ತ ಬಂದಿತ್ತು. "ಬರೀರಿ ಸರ. ಬರ್ಯಾಕ ನೀವ ಅದೀರಲ್ಲ."

ಬರೆಯಲಿಲ್ಲ. ಕ್ಯಾರಿಯರ್‌ನಿಂದಲೇ ಒಡೆಯಿತು ಎಂದೂ ಬರೆಯಲಿಲ್ಲ. ಆ ತಿಂಗಳೇ ಸಂಘ ಬಿಟ್ಟೆ. ಹೇಸಿಗೆಯಾಗಿದ್ದು ಕೆಂಪರಾಜ್ ಅವರ ಮೇಲೋ ನನ್ನ ಮೇಲೋ ಎಂದು ಬೇರೆ ಮಾಡಿ ನೋಡುವ ಗೋಜಿಗೆ ಹೋಗಲಿಲ್ಲ.

ಒಂದು ಮಾತು ಹೇಳಬೇಕು. ದೋಣಿಯ ತಳದಲ್ಲಿ, ಅದೇ ಜಾಗದ ಹತ್ತಿರ, ಮೊದಲೊಂದು ತೇಪೆಯಿತ್ತು. ಹಲಸೂರಿನಿಂದ ಹೊರಡುವ ಮುಂಚೆ ನಾವು ಯಾರೂ ದೋಣಿಯನ್ನು ಮಗುಚಿ ನೋಡಿರಲಿಲ್ಲ. ಆ ಬಿರುಕು ಆಗಲೇ ಇತ್ತೋ, ದಾರಿಯಲ್ಲಿ ಬಿತ್ತೋ, ನನಗೆ ಗೊತ್ತಿಲ್ಲ.